ಮಲಪ್ರಭೆಯ ದಂಡೆಗೊಂದು ಸೈಕಲ್ ದಾರಿ

ಗದಗ ಜಿಲ್ಲೆಯ ಇಟಗಿ ಹೊಳೆದಂಡೆಯ ಊರಲ್ಲ. ಶರಣೆ ಭೀಮಾಂಬಿಕೆಯ ಈ ಊರಿನಿಂದ ಮಲಪ್ರಭೆಯತ್ತ ಸೈಕಲ್ ಹತ್ತಿದವರು ಮೊದಲು ಸಮೀಪದ ಸೂಡಿಯ ನಾಗಕುಂಡದಲ್ಲಿ ನಿಲ್ಲಬೇಕು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಆಳಿದ ಊರದು. ಮಳೆ ಕಡಿಮೆಯ ನಾಡಿನಲ್ಲಿ ನೀರಿಗೆ ಎಂಥ ಮರ್ಯಾದೆಯಿತ್ತು ಎಂಬುದು ಆ ಹೊಂಡದ ಕಲ್ಲುಗೋಡೆಗಳನ್ನು ಕಂಡರೆ ತಿಳಿಯುತ್ತದೆ. ಮುಂದೆ ರೋಣ, ಆಮೇಲೆ ಹೊಳೆಆಲೂರು. ಮಲಪ್ರಭೆ ಸಿಗುವುದು ಅಲ್ಲಿ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯ ಉದ್ದ 304 ಕಿ.ಮೀ. ಯುರೋಪಿನಲ್ಲಿ ಡ್ಯಾನ್ಯೂಬ್ ದಂಡೆಗುಂಟ ಪಾಸೌನಿಂದ ವಿಯೆನ್ನಾಕ್ಕೆ ಹೋಗುವ ಹೆಸರಾಂತ ಸೈಕಲ್ ಹಾದಿಯೂ ಹೆಚ್ಚುಕಡಿಮೆ ಇಷ್ಟೇ ದೂರದ್ದು. ಒಂದು ಕಾಲಕ್ಕೆ ಕುದುರೆಗಳು ದೋಣಿಗಳನ್ನು ಪ್ರವಾಹದ ಎದುರಿಗೆ ಎಳೆಯುತ್ತಿದ್ದ ದಾರಿಯೇ ಅಲ್ಲಿ ಬಹುಪಾಲು ಸೈಕಲ್ ಹಾದಿಯಾಗಿದೆ. ಅದು ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗಿನ ಯೂರೋವೆಲೊ 6 ಎಂಬ ದೊಡ್ಡ ಮಾರ್ಗದ ಒಂದು ತುಂಡು. ಇದ್ದ ದಾರಿಗೇ ಫಲಕ ಹಾಕಿ, ಊರಿಂದೂರಿಗೆ ಜೋಡಿಸಿದರು.

ಮಲಪ್ರಭೆಗೂ ಅಂಥದೊಂದು ಹಾದಿ ಮಾಡಬಹುದು, ಇದ್ದ ದಾರಿಗಳು ನಮ್ಮಲ್ಲೂ ಇವೆ. ಇದೇ ಹೊಳೆಯ ನವಿಲುತೀರ್ಥ ಅಣೆಕಟ್ಟಿನ ಕಾಲುವೆಗಳ ಪಕ್ಕ ಉಸ್ತುವಾರಿಗೆಂದು ಮಾಡಿದ ಮಣ್ಣಿನ ರಸ್ತೆಗಳಿವೆ, ಹೊಳೆಸಾಲಿನ ಊರುಗಳ ನಡುವೆ ಬಂಡಿದಾರಿಗಳಿವೆ. ತೊಡಕು ಎರೆ ಮಣ್ಣಿನದು. ಒಂದು ಹದ ಮಳೆ ಬಿದ್ದರೆ ಸಾಕು, ಎರೆ ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತು, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಆದ್ದರಿಂದ ಇಲ್ಲಿ ಸವಾರಿಯ ಕಾಲ ಹಿಂಗಾರಿನದು. ಬಿಳಿಜೋಳ ತೆನೆ ಬಿಡುವ, ಕಡಲೆ ಸುಲಗಾಯಿಯಾಗುವ ದಿನಗಳು. ಹಾದಿಗೆ ಗರಸು ಹಾಕಿ ಗಟ್ಟಿ ಮಾಡಿದರೆ ರೈತರ ಚಕ್ಕಡಿಗೂ ಹೈಸ್ಕೂಲಿಗೆ ಹೋಗುವ ಹುಡುಗಿಯರ ಸೈಕಲ್ಲಿಗೂ ಅನುಕೂಲ. ದೂರದಿಂದ ಬರುವ ಸವಾರರಿಗಿಂತ ಇವರೇ ಈ ಹಾದಿಯ ಮೊದಲ ಹಕ್ಕುದಾರರು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈ ಸೀಮೆಯಲ್ಲಿ ಹೊಳೆಯ ಸುದ್ದಿ ಬರುವುದು ಎರಡೇ ಕಾರಣಕ್ಕೆ: ನೀರಿಲ್ಲದ್ದಕ್ಕೆ, ಇಲ್ಲವೇ ನೀರು ಹೆಚ್ಚಾದದ್ದಕ್ಕೆ. 1980ರಲ್ಲಿ ನರಗುಂದ, ನವಲಗುಂದದ ರೈತರು ಬಂಡಾಯ ಎದ್ದದ್ದು ಕಾಲುವೆ ನೀರಿನ ಕರದ ವಿರುದ್ಧ. ಗೋಲಿಬಾರಿನಲ್ಲಿ ಜೀವ ಹೋದವು. 2009ರಲ್ಲಿ, ಮತ್ತೆ 2019ರಲ್ಲಿ ನೆರೆ ಬಂದು ದಂಡೆಯ ಊರುಗಳು ಮುಳುಗಿದವು. ಬರ, ನೆರೆಗಳ ನಡುವಿನ ಶಾಂತ ತಿಂಗಳುಗಳಲ್ಲಿ ಹೊಳೆಯ ಪಕ್ಕ ಸುಮ್ಮನೆ ಸಾಗುವ ಸುಖ ಇಲ್ಲಿನ ಮಕ್ಕಳಿಗೆ ಸಿಗಬೇಕು. ಹೊಳೆಯ ಗುರುತಿದ್ದವರೇ ಅದರ ಒತ್ತುವರಿಯನ್ನು, ಮರಳು ಲೂಟಿಯನ್ನು ಪ್ರಶ್ನಿಸಿಯಾರು.

ಹಾದಿ ಕಣಕುಂಬಿಯಿಂದ ಕೂಡಲಸಂಗಮದವರೆಗೆ ಒಮ್ಮೆಲೇ ಆಗಬೇಕಿಲ್ಲ. ಗದಗ–ಬಾಗಲಕೋಟೆ ರೈಲು ಹೊಳೆಆಲೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೊಳೆ ಹರಿಯುವ ಕಡೆಗೇ ಸಾಗಿದರೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರ ದಂಡೆಯ ಮೇಲೇ ಇದೆ. ಮುಂದೆ ಹೊಳೆ ಉತ್ತರಕ್ಕೆ ಹರಿಯುವ ಪಟ್ಟದಕಲ್ಲು, ಐಹೊಳೆ. ವಾಪಸಾಗುವವರಿಗೆ ಬಾದಾಮಿಯಲ್ಲಿ ಮತ್ತೆ ರೈಲು. ಈ ಒಂದು ತುಂಡಿಗೆ ಫಲಕ, ಗರಸು, ಅಲ್ಲಲ್ಲಿ ಕುಡಿಯುವ ನೀರು, ಒಂದೆರಡು ಪಂಕ್ಚರ್ ಅಂಗಡಿ ಒದಗಿದರೆ ಬರುವ ಹಿಂಗಾರಿಗೇ ಸವಾರಿ ಶುರು ಮಾಡಬಹುದು.