ಮತ್ತೆ ಮತ್ತೆ ಬಾತುಕೊಳ್ಳುವ ಎತ್ತಿನ ಹೆಗಲು

ಎತ್ತಿನ ಹೆಗಲು ಒಮ್ಮೆ ಬಾತುಕೊಂಡರೆ ಮುಂದಿನ ಬೇಸಾಯಕ್ಕೆ ಮತ್ತೆ ಬಾತುಕೊಳ್ಳುತ್ತದೆ ಎಂಬುದು ರೈತರಿಗೆಲ್ಲ ಗೊತ್ತು. ಎಣ್ಣೆ ಸವರಿ, ಅರಿಶಿನ ಬಳಿದು, ನಾಲ್ಕು ದಿನ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿರುತ್ತೇವೆ. ನೊಗ ಹೂಡಿದ ವಾರಕ್ಕೆ ಅದೇ ಜಾಗದಲ್ಲಿ ಅದೇ ಗಂಟು. ಮದ್ದು ನಾಟಲಿಲ್ಲವೆಂದು ಬೇರೆ ಮದ್ದು ಹುಡುಕುವುದೇ ರೂಢಿ. ಆದರೆ ಬಹುಪಾಲು ದೋಷ ಇರುವುದು ನೊಗದಲ್ಲಿ, ಗಾಡಿಯ ಭಾರದಲ್ಲಿ, ಜೋಡಿಯಲ್ಲಿ. ಅದನ್ನು ಸರಿಪಡಿಸದೆ ಹೆಗಲಿಗೆ ಮಾತ್ರ ಮದ್ದು ಮಾಡಿದರೆ ಗಾಯ ಮರುಕಳಿಸುತ್ತಲೇ ಇರುತ್ತದೆ.

ನಮ್ಮ ಭಾಗದಲ್ಲಿ ಇದಕ್ಕೊಂದು ಕಾಲವೂ ಇದೆ. ಹಾಸನದ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು ಎರಡಕ್ಕೂ ಮುಂಗಾರಿನ ಮೊದಲ ಮಳೆಗೇ ಹೊಲ ಹದವಾಗಬೇಕು. ದೊಡ್ಡ ಉಳುಮೆಯನ್ನು ಟ್ರ್ಯಾಕ್ಟರ್ ಮಾಡಿ ಮುಗಿಸುವುದರಿಂದ ಎತ್ತುಗಳು ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತವೆ. ದಿನವೂ ನೊಗ ಹೊತ್ತ ಹೆಗಲಿನ ಚರ್ಮ ದಪ್ಪಗಾಗಿ ಗಟ್ಟಿಯಾಗುತ್ತದೆ, ಬಿಟ್ಟರೆ ಮೆತ್ತಗಾಗುತ್ತದೆ. ಹಾಗೆ ಮೆತ್ತಗಾದ ಹೆಗಲಿನ ಮೇಲೆ ಒಮ್ಮೆಲೇ ಬೆಳಗಿನಿಂದ ಸಂಜೆವರೆಗೆ ಕುಂಟೆ ಹೊಡೆಸಿದರೆ ಚರ್ಮ ತಡೆಯುವುದಿಲ್ಲ. ಹೊಳೆನರಸೀಪುರದ ನಾಲೆ ಬಯಲಿನ ಕೆಸರುಗದ್ದೆಯಲ್ಲಿ ತೊಂದರೆ ಇನ್ನೊಂದು ಬಗೆಯದು. ನೆನೆದ ಚರ್ಮ ಒದ್ದೆ ನೊಗದ ಕೆಳಗೆ ಬೇಗ ಸುಲಿಯುತ್ತದೆ. ಚನ್ನರಾಯಪಟ್ಟಣದ ಕಡೆ ಕಬ್ಬು, ತೆಂಗಿನಕಾಯಿ ತುಂಬಿದ ಗಾಡಿಗಳಲ್ಲಿ ಭಾರವೇ ಮುಖ್ಯ ಕಾರಣ.

ನೊಗದ ಕೆಳಗೆ ಏನಾಗುತ್ತದೆಂದು ನೋಡೋಣ. ದುಂಡನೆಯ ಮರ ಹಿಣಿಲಿನ ಮುಂದೆ ಬೆರಳೆರಡರಷ್ಟು ಅಗಲದ ಪಟ್ಟಿಯಲ್ಲಿ ಮಾತ್ರ ಚರ್ಮವನ್ನು ಮುಟ್ಟುತ್ತದೆ. ಎತ್ತು ಎಳೆಯುವ ಬಲವೆಲ್ಲ ಆ ಪಟ್ಟಿಯ ಮೇಲೇ ಬೀಳುವುದರಿಂದ ಅಲ್ಲಿ ರಕ್ತದ ಓಡಾಟ ನಿಂತು ಚರ್ಮದಡಿಯ ಮಾಂಸ ಜಜ್ಜುತ್ತದೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ನಮ್ಮ ಹಳ್ಳಿಗಳ ನೊಗ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಬಡಗಿಗೆ ಹೇಳಿ ನೊಗದ ತಳವನ್ನು ಹೆಗಲಿನ ಆಕಾರಕ್ಕೆ ಅಗಲವಾಗಿ ಕೆತ್ತಿಸಿ, ಸಿಬಿರು ಉಳಿಯದಂತೆ ನುಣುಪು ಮಾಡಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಗೋಣಿತಾಟನ್ನು ಸುತ್ತುವವರು ಅದು ಜಾರದಂತೆ ಬಿಗಿಯಬೇಕು, ದಿನವೂ ಬಿಚ್ಚಿ ಒಣಗಿಸಬೇಕು. ಹಳೆಯ ಟ್ಯೂಬಿನ ರಬ್ಬರು ಬೇಡ, ಅದರ ಅಡಿಯಲ್ಲಿ ಬೆವರು ಆರುವುದಿಲ್ಲ.

ಗಾಡಿಯ ಸಮತೋಲವನ್ನು ಎತ್ತು ಕಟ್ಟುವ ಮೊದಲೇ ಪರೀಕ್ಷಿಸಬಹುದು. ಸರಕು ತುಂಬಿದ ಮೇಲೆ ನೊಗದ ತುದಿಯನ್ನು ಕೈಯಿಂದ ಎತ್ತಿ ನೋಡಿ. ಒಬ್ಬರಿಗೆ ಎತ್ತಲಾಗದಿದ್ದರೆ ಗಾಡಿ ಮುಂಭಾರವಾಗಿದೆ, ಆ ತೂಕವೆಲ್ಲ ಹೆಗಲ ಮೇಲೆ ಕೂರುತ್ತದೆ. ತಾನಾಗಿಯೇ ಮೇಲೇಳುವಂತಿದ್ದರೆ ಹಿಂಭಾರ. ಆಗ ನೊಗ ಮೇಲಕ್ಕೆ ಎಳೆದು ಕೊರಳ ಹಗ್ಗ ಗಂಟಲನ್ನು ಬಿಗಿಯುತ್ತದೆ. ಜೋಡಿಯಲ್ಲಿ ಒಂದು ಎತ್ತರ, ಒಂದು ಗಿಡ್ಡವಾದರೆ ನೊಗ ಓರೆಯಾಗಿ ಅದರ ಅಂಚು ಒತ್ತುತ್ತದೆ. ಉಳುವಾಗ ಸಾಲಿನಲ್ಲಿ ನಡೆಯುವ ಎತ್ತು ಹೇಗೂ ಒಂದು ಮೆಟ್ಟು ಕೆಳಗಿರುತ್ತದೆ. ಅದೇ ಗಿಡ್ಡವೂ ಆಗಿದ್ದರೆ ಓರೆ ಇನ್ನಷ್ಟು ಹೆಚ್ಚುತ್ತದೆ.

ಸಂಜೆ ಕೊರಳ ಹಗ್ಗ ಬಿಚ್ಚಿದ ಕೂಡಲೇ ಅಂಗೈಯನ್ನು ಹೆಗಲ ಮೇಲೆ ಮೆಲ್ಲಗೆ ಆಡಿಸಿ. ಒಂದು ಕಡೆ ಮಾತ್ರ ಬಿಸಿಯಾಗಿದ್ದರೆ, ಮುಟ್ಟಿದಾಗ ಎತ್ತು ಚರ್ಮ ಅದುರಿಸಿ ಪಕ್ಕಕ್ಕೆ ಸರಿದರೆ, ಅದು ಮೊದಲ ಸುಳಿವು. ಬೆರಳಿನಿಂದ ಒತ್ತಿ ತೆಗೆದಾಗ ಗುಳಿ ಉಳಿದರೆ ನೀರು ತುಂಬಿದ ಹೊಸ ಊತ, ಬೇಗ ಇಳಿಯುವಂಥದು. ಚೀಲದೊಳಗಿನ ನೀರಿನಂತೆ ತುಳುಕಿದರೆ ಒಳಗೆ ರಕ್ತವೋ ಕೀವೋ ನಿಂತಿದೆ. ನೋವಿಲ್ಲದೆ ಕಲ್ಲಿನಂತಿದ್ದರೆ ಹಳೆಯ ಪೆಟ್ಟುಗಳು ಸೇರಿ ನಾರುಗಂಟಾಗಿದೆ.

ಹೊಸ ಊತಕ್ಕೆ ಮೊದಲ ದಿನ ತಣ್ಣೀರು ಬಟ್ಟೆಯೇ ಮದ್ದು. ಕಾಲು ಗಂಟೆಯಷ್ಟು ಹೊತ್ತು, ದಿನಕ್ಕೆ ಮೂರು ನಾಲ್ಕು ಸಲ ಇಡಬೇಕು. ಎರಡು ಮೂರು ದಿನ ಕಳೆದ ಮೇಲೆ ಬಿಸಿನೀರಿನ ಶಾಖ ಕೊಡಬಹುದು. ಮೊದಲೇ ಶಾಖ ಕೊಟ್ಟು ತಿಕ್ಕಿದರೆ ಊತ ಏರುತ್ತದೆ. ತುಳುಕುವ ಗಂಟನ್ನು ಮನೆಯಲ್ಲಿ ಕುಯ್ಯಲೇಬೇಡಿ. ಒಳಗೆ ಹಸಿ ರಕ್ತ ಇದ್ದರೆ ನಿಲ್ಲದೆ ಸೋರುತ್ತದೆ. ಅದನ್ನು ಯಾವಾಗ ತೆರೆಯಬೇಕೆಂದು ವೈದ್ಯರು ಸೂಜಿ ಚುಚ್ಚಿ ನೋಡಿ ತೀರ್ಮಾನಿಸುತ್ತಾರೆ. ಕಾದ ಕಬ್ಬಿಣದಿಂದ ಬರೆ ಹಾಕುವುದು, ಸುಟ್ಟ ಆಯಿಲ್ ಬಳಿಯುವುದು ಕ್ರೌರ್ಯವಷ್ಟೇ ಅಲ್ಲ, ನಷ್ಟವೂ ಹೌದು. ಸುಟ್ಟ ಜಾಗದ ಚರ್ಮ ಮೊದಲಿನಷ್ಟು ಗಟ್ಟಿಯಾಗದೆ ಮತ್ತೆ ಮತ್ತೆ ಒಡೆಯುತ್ತದೆ.

ನೋವಿನ ಇಂಜೆಕ್ಷನ್ ಬಗ್ಗೆ ಒಂದು ಮಾತು. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ದೇಶದಲ್ಲಿ 2006ರಲ್ಲೇ ನಿಷೇಧಿಸಲಾಯಿತು. ಆ ಮದ್ದು ಕೊಟ್ಟ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಮೆಲಾಕ್ಸಿಕಾಮ್ ಅವುಗಳಿಗೆ ಅಪಾಯವಿಲ್ಲದ ಬದಲಿ ಮದ್ದು. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಇಂಜೆಕ್ಷನ್ ತಂದು ಚುಚ್ಚಬೇಡಿ. ನೋವು ಮರೆತ ಎತ್ತನ್ನು ಮರುದಿನವೇ ಹೂಡುವ ಆಸೆ ಹುಟ್ಟುವುದೂ ಇದರ ಇನ್ನೊಂದು ಕೇಡು. ನಾರುಗಂಟು ಮುಲಾಮಿಗೆ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇರುವುದು ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಈ ನಾಲ್ಕೂ ತಾಲ್ಲೂಕಿನವರಿಗೆ ಅನುಕೂಲ.

ಹೆಗಲ ಗಾಯದಿಂದ ಎತ್ತು ಕತ್ತು ತಗ್ಗಿಸಬಹುದು, ನೊಗಕ್ಕೆ ಹೆದರಬಹುದು. ಆದರೆ ಕಾಲು ತೊಡರುವುದಿಲ್ಲ. ತಿರುಗಿಸಿದಾಗ ಹಿಂಗಾಲು ಹೊರಕ್ಕೆ ತೂರಿದರೆ, ಹಿಂದಕ್ಕೆ ನಡೆಸಿದಾಗ ತಡವರಿಸಿದರೆ, ಗೊರಸಿನ ತುದಿ ನೆಲಕ್ಕೆ ಉಜ್ಜಿದರೆ ದೋಷ ನರಮಂಡಲದಲ್ಲಿರಬಹುದು. ಆಗ ಹೆಗಲಿನ ಮದ್ದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕರೆಸಬೇಕು. ಜೊತೆಗೆ ಜೊಲ್ಲು ಸುರಿಯುತ್ತಿದ್ದರೆ, ನೀರು ನುಂಗಲಾಗದಿದ್ದರೆ, ದನಿ ಬದಲಾಗಿ ಕೂಗುತ್ತಿದ್ದರೆ ರೇಬಿಸ್ ಎಂದೇ ಎಣಿಸಿ ದೂರ ನಿಲ್ಲಿ. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿದವರು ತಮ್ಮ ಪ್ರಾಣವನ್ನೇ ಪಣಕ್ಕಿಟ್ಟಂತೆ. ಜೊಲ್ಲು ತಾಗಿದ್ದರೆ ಆ ಜಾಗವನ್ನು ಹದಿನೈದು ನಿಮಿಷ ಸೋಪಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಕುದುರೆ ಸಾಕಿದವರಿಗೆ ಹಿಂಗಾಲಿನ ಈ ತೂರಾಟ ಇನ್ನೂ ಮುಖ್ಯ. ಬೇಗ ಬೆಳೆಯುವ ಎಳೆಯ ಕುದುರೆಗಳಲ್ಲಿ ಕತ್ತಿನ ಮೂಳೆಗಳ ನಡುವಿನ ದಾರಿ ಕಿರಿದಾಗಿ ಬೆನ್ನುಹುರಿ ಒತ್ತಿಕೊಳ್ಳುತ್ತದೆ, ಹಿಂಗಾಲು ಮೊದಲು ಹಿಡಿತ ತಪ್ಪುತ್ತದೆ. ಅಂಥ ಕುದುರೆಯ ಮೇಲೆ ಯಾರನ್ನೂ ಕೂರಿಸಬಾರದು. ಇನ್ನೊಂದು ಕಾರಣ ನಮ್ಮ ಕೊಟ್ಟಿಗೆಯಲ್ಲೇ ಇದೆ. ದನದ ಹೊಟ್ಟೆಯಲ್ಲಿ ತೊಂದರೆ ಕೊಡದೆ ಬದುಕುವ ಸೆಟೇರಿಯಾ ಎಂಬ ಹುಳುವಿನ ಮರಿಗಳನ್ನು ಸೊಳ್ಳೆಗಳು ಕುದುರೆಗೆ, ಆಡುಕುರಿಗೆ ದಾಟಿಸುತ್ತವೆ. ಅಲ್ಲಿ ಅವು ದಾರಿ ತಪ್ಪಿ ಬೆನ್ನುಹುರಿಗೆ ಸೇರಿದರೆ ಸೊಂಟ ಬೀಳುತ್ತದೆ. ದನದ ಪಕ್ಕದಲ್ಲೇ ಕುದುರೆ ಕಟ್ಟುವವರು ಸೊಳ್ಳೆಯ ಕಾಟವನ್ನು ಹಗುರವಾಗಿ ಕಾಣಬಾರದು.

ವಾಸಿಯಾದ ಎತ್ತನ್ನು ಕೆಲಸಕ್ಕೆ ತರುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮೇಲಿನ ಚರ್ಮ ಕೂಡಿದರೂ ಒಳಗಿನ ಮಾಂಸ ಕೂಡಲು ವಾರಗಳು ಬೇಕು. ಮೊದಲು ಬರಿ ನೊಗ ಹೊರಿಸಿ ಅರ್ಧ ಗಂಟೆ ನಡೆಸಿ, ಆಮೇಲೆ ಖಾಲಿ ಗಾಡಿ, ಆಮೇಲೆ ಹಗುರ ಹೊರೆ. ನಡುವೆ ಒಂದು ಸಂಜೆ ಹೆಗಲು ಬಿಸಿಯಾದರೂ ಒಂದು ಹೆಜ್ಜೆ ಹಿಂದೆ ಹೋಗಿ. ಭಾರ ಎಳೆಯುವ ಪ್ರಾಣಿಗಳ 1965ರ ನಿಯಮಗಳ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಾಯವಾದ ಎತ್ತನ್ನು ಹೂಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಬೂಕನಬೆಟ್ಟದ ದನಗಳ ಜಾತ್ರೆಗೆ ಹಳ್ಳಿಕಾರ್ ತಳಿಯ ಜೋಡಿ ಕೊಳ್ಳಲು ಹೋದಾಗ ಹಲ್ಲು, ಸುಳಿ, ಕೊಂಬು ನೋಡಿದ ಮೇಲೆ ಹೆಗಲನ್ನೂ ಮುಟ್ಟಿ ನೋಡಿ. ಅಲ್ಲಿ ಬಿಳಿ ಕೂದಲಿನ ಪಟ್ಟೆ, ಚರ್ಮದಡಿ ಗಂಟು ಸಿಕ್ಕರೆ ಹಳೆಯ ಪೆಟ್ಟು ಇರಬಹುದು. ನೊಗ ಹೊರಿಸಿ ನಾಲ್ಕು ಸುತ್ತು ನಡೆಸಿ ತೋರಿಸಲು ಕೇಳಿ. ಕೊಂಡ ಎತ್ತಿಗೆ ತೊಂದರೆಯಾದರೆ ಪಶು ಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರಲು 1962ಕ್ಕೆ ಫೋನ್ ಮಾಡಿ.