ಇಟ್ಟಿಗೆ ಹಿಡಿದ ಕೈಗಳು

1985ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳಲು ಕೂತಿದ್ದವು. ನಮ್ಮ ಐಪಿಎಲ್ ಹರಾಜಿನ ಹಾಗೆ ಅಲ್ಲಿ ದುಡ್ಡಿನ ಪೈಪೋಟಿ ಇಲ್ಲ. ಹಿಂದಿನ ವರ್ಷ ತಳ ಸೇರಿದ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಚಾಂಪಿಯನ್ ಆಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡಕ್ಕೆ ಸಿಕ್ಕಿದ್ದು 28ನೇ ಸರದಿ. ಅದರ ಕೋಚ್ ಬಿಲ್ ವಾಲ್ಶ್ ಅಷ್ಟು ಹೊತ್ತು ಕಾಯಲು ಸಿದ್ಧರಿರಲಿಲ್ಲ. ಮುಂದಿನ ಸುತ್ತಿನ ಆಯ್ಕೆಯನ್ನೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಬಿಟ್ಟುಕೊಟ್ಟು 16ನೇ ಸರದಿಗೆ ಜಿಗಿದರು. ಅವರು ಕೂಗಿದ ಹೆಸರು ಜೆರ್ರಿ ರೈಸ್.

ಹುಡುಗನ ಕಾಲೇಜಿನ ಹೆಸರು ಕೇಳಿದವರೇ ಕಡಿಮೆ. ಓಟದಲ್ಲೂ ಆತ ಅಂಥ ಚುರುಕಲ್ಲ ಎಂಬ ಮಾತಿತ್ತು. 40 ಗಜ, ಅಂದರೆ ಮೂವತ್ತಾರೂವರೆ ಮೀಟರ್ ಓಡಲು ಆತನಿಗೆ ಸುಮಾರು 4.7 ಸೆಕೆಂಡು ಬೇಕು ಎಂದು ವರದಿಯಾಗಿತ್ತು. ವೈಡ್ ರಿಸೀವರ್ ಜಾಗದ ಆಟಗಾರರಿಗೆ ಇದು ಹೇಳಿಕೊಳ್ಳುವಂಥ ವೇಗವಲ್ಲ. ಆ ದಿನ ಆತನಿಗಿಂತ ಮೊದಲು ಇಬ್ಬರು ರಿಸೀವರ್‌ಗಳು ಆಯ್ಕೆಯಾಗಿದ್ದರು.

ವೈಡ್ ರಿಸೀವರ್ ಎಂದರೆ ಯಾರು? ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ತಂಡಕ್ಕೆ ಹನ್ನೊಂದು ಜನ, ನೂರು ಗಜ ಉದ್ದದ ಅಂಗಳ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ನಡುವೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಗಳದ ಅಂಚಿನಲ್ಲಿ ನಿಂತು, ಓಡಿಹೋಗಿ ಅದನ್ನು ಹಿಡಿಯುವವನೇ ವೈಡ್ ರಿಸೀವರ್.

ದೂರದಿಂದ ನೋಡಿದರೆ ಕೆಲಸ ಸರಳ. ಆದರೆ ಆತ ಓಡುವ ದಾರಿಯ ಪ್ರತಿ ಹೆಜ್ಜೆಯೂ ಮೊದಲೇ ಗೊತ್ತಾಗಿರುತ್ತದೆ. ಇಷ್ಟು ಹೆಜ್ಜೆ ನೇರ, ಆಮೇಲೆ ಒಳಕ್ಕೆ ಓರೆಯಾಗಿ, ಅಥವಾ ಥಟ್ಟನೆ ನಿಂತು ಹಿಂದಕ್ಕೆ. ಬಹಳ ಸಲ ರಿಸೀವರ್ ತಿರುಗಿ ನೋಡುವ ಮೊದಲೇ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈ ಬಿಟ್ಟಿರುತ್ತದೆ. ಎಸೆಯುವವನು ಗುರಿಯಿಡುವುದು ಮನುಷ್ಯನಿಗಲ್ಲ, ಆ ಕ್ಷಣಕ್ಕೆ ಆತ ಇರಬೇಕಾದ ಖಾಲಿ ಜಾಗಕ್ಕೆ. ಒಂದು ಹೆಜ್ಜೆ ತಪ್ಪಿದರೂ ಚೆಂಡು ಎದುರಾಳಿಯ ಪಾಲು. ಕಾವಲಿಗೆ ನಿಂತವನು ಮೊದಲ ಐದು ಗಜದೊಳಗೆ ತಳ್ಳಬಹುದು, ತಡೆಯಬಹುದು. ಅಲ್ಲಿಂದ ಮುಂದೆ ಕೈ ಹಚ್ಚುವಂತಿಲ್ಲ ಎಂಬ ನಿಯಮ 1978ರಲ್ಲಿ ಬಂದ ಮೇಲೆ ರಿಸೀವರ್‌ಗಳ ಬೆಲೆ ಏರಿತು. ಚೆಂಡು ಕೈಸೇರಿದ ಕ್ಷಣದಿಂದ ಮಾತ್ರ ಯಾರು ಬೇಕಾದರೂ ಡಿಕ್ಕಿ ಹೊಡೆದು ಕೆಡವಬಹುದು.

ರೈಸ್ ಹುಟ್ಟಿದ್ದು 1962ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ. ಬೆಳೆದದ್ದು ಅಲ್ಲಿನ ಕ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಗಾರೆ ಕೆಲಸದವರು. ಬೇಸಿಗೆಯಲ್ಲಿ ಮಕ್ಕಳಿಗೂ ಅದೇ ಕೆಲಸ. ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ತೂರುತ್ತಿದ್ದರು, ಅಟ್ಟಣಿಗೆಯ ಮೇಲೆ ನಿಂತ ಜೆರ್ರಿ ಹಿಡಿಯುತ್ತಿದ್ದ. ಕೈ ಗಟ್ಟಿಯಾದದ್ದೇ ಹಾಗೆ ಎಂದು ಮುಂದೆ ಆತ ಹೇಳಿಕೊಂಡದ್ದುಂಟು. ಫುಟ್‌ಬಾಲ್‌ಗೆ ಬಂದ ಕಥೆಯಂತೂ ಇನ್ನೂ ಸ್ವಾರಸ್ಯ. ಕ್ಲಾಸಿಗೆ ಚಕ್ಕರ್ ಹಾಕಿ ಅಡ್ಡಾಡುತ್ತಿದ್ದವನ ಹಿಂದೆ ಸದ್ದಿಲ್ಲದೆ ಶಾಲೆಯ ಮುಖ್ಯಸ್ಥರು ಬಂದು ನಿಂತರು, ಹುಡುಗ ಕಾಲಿಗೆ ಬುದ್ಧಿ ಹೇಳಿದ. ಶಿಕ್ಷೆಯೇನೋ ಸಿಕ್ಕಿತು. ಜೊತೆಗೆ ಆ ಓಟ ಕಂಡ ಮುಖ್ಯಸ್ಥರು ಆತನನ್ನು ತಂಡದ ಕೋಚ್ ಬಳಿಗೂ ಕಳಿಸಿದರು.

ದೊಡ್ಡ ವಿಶ್ವವಿದ್ಯಾಲಯಗಳು ಯಾವುವೂ ಕರೆಯಲಿಲ್ಲ. ಕರಿಯ ವಿದ್ಯಾರ್ಥಿಗಳಿಗಾಗಿ ಹುಟ್ಟಿಕೊಂಡಿದ್ದ ಮಿಸಿಸಿಪಿ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಚೆಂಡನ್ನು ಎಸೆಯುವುದೇ ಆಟ ಎಂದು ನಂಬಿದ್ದ ಆರ್ಚಿ ಕೂಲಿ ಅಲ್ಲಿನ ಕೋಚ್, ವಿಲ್ಲಿ ಟಾಟನ್ ಕ್ವಾರ್ಟರ್‌ಬ್ಯಾಕ್. 1984ರ ಒಂದೇ ಋತುವಿನಲ್ಲಿ ರೈಸ್ 27 ಟಚ್‌ಡೌನ್ ಹಿಡಿದ. ಆ ಅಕ್ಟೋಬರ್‌ನಲ್ಲಿ ಪಂದ್ಯಕ್ಕೆಂದು ಹೂಸ್ಟನ್‌ಗೆ ಹೋಗಿದ್ದ ವಾಲ್ಶ್, ರಾತ್ರಿ ಹೋಟೆಲಿನ ಟಿವಿಯಲ್ಲಿ ಈ ಹುಡುಗನ ಆಟದ ತುಣುಕು ಕಂಡಿದ್ದರು. ಗಡಿಯಾರದ ಲೆಕ್ಕ ಅವರಿಗೆ ಬೇಕಿರಲಿಲ್ಲ. ಅಂಗಳದಲ್ಲಿ ಚೆಂಡು ಹಿಡಿದ ಮೇಲೆ ಈತನನ್ನು ಹಿಂದಿನಿಂದ ಯಾರೂ ಮುಟ್ಟುತ್ತಿರಲಿಲ್ಲ, ಅಷ್ಟು ಸಾಕಾಗಿತ್ತು.

ಮೊದಲ ವರ್ಷ ಮಾತ್ರ ಕಷ್ಟದ್ದು. ಕೈಗೆ ಬಂದ ಚೆಂಡುಗಳನ್ನೇ ಬಿಟ್ಟ. ತವರಿನ ಪ್ರೇಕ್ಷಕರೇ ಗೇಲಿ ಮಾಡಿದರು. ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ವಿರುದ್ಧ ಒಂದೇ ರಾತ್ರಿ 241 ಗಜ ಗಳಿಸಿದ ಮೇಲೆ ಆ ಬಾಯಿಗಳು ಮುಚ್ಚಿದವು. 1987ರಲ್ಲಿ ಆಟಗಾರರ ಮುಷ್ಕರದಿಂದ ಆತನಿಗೆ ಸಿಕ್ಕಿದ್ದು 12 ಪಂದ್ಯ, ಹಿಡಿದ ಟಚ್‌ಡೌನ್ 22. ಈ ದಾಖಲೆಯನ್ನು 2007ರಲ್ಲಿ ರ್‍ಯಾಂಡಿ ಮಾಸ್ 23ಕ್ಕೆ ಏರಿಸಿದರು ನಿಜ, ಆದರೆ ಅವರಿಗೆ 16 ಪಂದ್ಯ ಸಿಕ್ಕಿದ್ದವು.

ಆ ದಿನಗಳ ಶಿಖರ 1989ರ ಜನವರಿ, ಮಯಾಮಿಯಲ್ಲಿ ನಡೆದ ಲೀಗ್‌ನ ಫೈನಲ್ ಪಂದ್ಯ ಸೂಪರ್ ಬೌಲ್. ಸಿನ್ಸಿನಾಟಿ ಬೆಂಗಾಲ್ಸ್ ಮೂರು ಅಂಕ ಮುಂದಿತ್ತು. ಉಳಿದದ್ದು ಮೂರು ನಿಮಿಷ ಚಿಲ್ಲರೆ, ಸಾಗಬೇಕಾದದ್ದು 92 ಗಜ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಎಸೆದ ಚೆಂಡುಗಳಲ್ಲಿ ಮೂರನ್ನು ಹಿಡಿದು 51 ಗಜ ದಾಟಿಸಿದ್ದು ರೈಸ್. ಕೊನೆಯ ಎಸೆತ ತನಗೇ ಬರುವುದೆಂಬಂತೆ ಕಾವಲಿನವರ ಕಣ್ಣು ಸೆಳೆದ, ಚೆಂಡು ಹೋದದ್ದು ಇನ್ನೊಬ್ಬ ರಿಸೀವರ್ ಜಾನ್ ಟೇಲರ್ ಕೈಗೆ. 34 ಸೆಕೆಂಡು ಉಳಿದಿರುವಾಗ ಟಚ್‌ಡೌನ್, 20-16ರ ಗೆಲುವು. 11 ಚೆಂಡು ಹಿಡಿದು 215 ಗಜ ಗಳಿಸಿದ ರೈಸ್ ಪಂದ್ಯಶ್ರೇಷ್ಠ. ಕಾಲಿನ ಗಿಣ್ಣು ನೋಯುತ್ತಿರುವಾಗಲೇ ಆಡಿದ ಪಂದ್ಯವದು.

ಮೊಂಟಾನಾ ನಂತರ ಬಂದ ಸ್ಟೀವ್ ಯಂಗ್ ಎಡಗೈ ಎಸೆತಗಾರ. ಎಡಗೈಯಿಂದ ಹೊರಟ ಚೆಂಡು ತಿರುಗುವುದು ತದ್ವಿರುದ್ಧ ದಿಕ್ಕಿಗೆ, ಹಿಡಿಯುವವನಿಗೆ ಅದು ಹೊಸ ಪಾಠ. ರೈಸ್ ಅದನ್ನೂ ಕಲಿತ. ಋತು ಮುಗಿದು ಉಳಿದವರು ವಿಶ್ರಾಂತಿಗೆ ಹೋದಾಗ ಆತ ಸ್ಯಾನ್ ಕಾರ್ಲೋಸ್‌ನ ಎಜ್‌ವುಡ್ ಪಾರ್ಕಿನ ಎರಡೂವರೆ ಮೈಲಿ ಏರುದಾರಿ ಓಡುತ್ತಿದ್ದ. ಜೊತೆಗೆ ಬಂದ ಹೊಸಬರು ನಡುದಾರಿಯಲ್ಲೇ ಬಳಲುತ್ತಿದ್ದರಂತೆ.

ಗಾಯವೆಂಬ ಕಾರಣಕ್ಕೆ ಒಂದೂ ಪಂದ್ಯ ತಪ್ಪಿಸದವನ ಎಡಮಂಡಿ 1997ರ ಮೊದಲ ಪಂದ್ಯದಲ್ಲೇ ಕೈಕೊಟ್ಟಿತು, ಒಳಗಿನ ಅಸ್ಥಿರಜ್ಜು ಹರಿಯಿತು. ಇಂಥ ಗಾಯಕ್ಕೆ ವರ್ಷ ಸುಧಾರಿಸಿಕೊಳ್ಳುವುದು ವಾಡಿಕೆ. ರೈಸ್ ಡಿಸೆಂಬರ್‌ಗೇ ಮರಳಿ ಟಚ್‌ಡೌನ್ ಹಿಡಿದ, ಹಾಗೆ ಹಿಡಿದು ಬಿದ್ದಾಗಲೇ ಮಂಡಿಚಿಪ್ಪು ಸೀಳಿಕೊಂಡ. ಇದು ಶೌರ್ಯವಲ್ಲ, ಅವಸರ.

ವಯಸ್ಸಾದ ಆಟಗಾರನನ್ನು ಲೀಗ್ ಹೆಚ್ಚು ದಿನ ಸಾಕುವುದಿಲ್ಲ. 2000ದ ಡಿಸೆಂಬರ್‌ನಲ್ಲಿ ಫಾರ್ಟಿನೈನರ್ಸ್ ಪರ ತವರಿನಲ್ಲಿ ಆತನ ಕೊನೆಯ ಪಂದ್ಯ. ಆ ದಿನವೇ ಕಿರಿಯ ಜೊತೆಗಾರ ಟೆರೆಲ್ ಓವೆನ್ಸ್ 20 ಚೆಂಡು ಹಿಡಿದು ದಾಖಲೆ ಬರೆದರು. ರೈಸ್ ಕೊಲ್ಲಿಯಾಚೆಯ ಓಕ್ಲೆಂಡ್ ರೈಡರ್ಸ್ ಸೇರಿದ. ನಲವತ್ತು ತುಂಬಿದ 2002ರ ಋತುವಿನಲ್ಲೂ 1,211 ಗಜ ಗಳಿಸಿ ಮತ್ತೊಂದು ಸೂಪರ್ ಬೌಲ್ ಆಡಿದ, ಈ ಸಲ ಸೋಲು. ಆಮೇಲೆ ಸಿಯಾಟಲ್, ಕೊನೆಗೆ ಡೆನ್ವರ್‌ನ ತರಬೇತಿ ಶಿಬಿರ. 2005ರಲ್ಲಿ ನಿವೃತ್ತಿ, 2010ರಲ್ಲಿ ಹಾಲ್ ಆಫ್ ಫೇಮ್.

ಈ ಹೆಸರಿಗೆ ಕಲೆಯೇ ಇಲ್ಲವೆಂದಲ್ಲ. ಕೈಗವಸಿಗೆ ಒಂದಿಷ್ಟು ಅಂಟುದ್ರವ ಸಿಂಪಡಿಸಿಕೊಳ್ಳುತ್ತಿದ್ದುದಾಗಿ ಆತನೇ ಟಿವಿಯಲ್ಲಿ ಹೇಳಿದ್ದು 2015ರಲ್ಲಿ ದೊಡ್ಡ ಗದ್ದಲವಾಯಿತು. ಲೀಗ್ ಅದನ್ನು 1981ರಲ್ಲೇ ನಿಷೇಧಿಸಿತ್ತು. ಆ ಕಾಲದವರೆಲ್ಲ ಹಚ್ಚುತ್ತಿದ್ದರು ಎಂಬ ಆತನ ಸಮಜಾಯಿಷಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಹಾಗೆಂದು ಅಂಟು ಹಚ್ಚಿದ ಕೈಗವಸು ಯಾರನ್ನೂ ಇಪ್ಪತ್ತು ಋತು ಓಡಿಸುವುದಿಲ್ಲ.

ಆತ ಬಿಟ್ಟುಹೋದ ಲೆಕ್ಕ ಹೀಗಿದೆ: 1,549 ಹಿಡಿತ, 22,895 ಗಜ, ಒಟ್ಟು 208 ಟಚ್‌ಡೌನ್. ವರ್ಷಕ್ಕೆ ಸಾವಿರ ಗಜ ಗಳಿಸಿದರೆ ಒಳ್ಳೆಯ ರಿಸೀವರ್ ಎನ್ನುತ್ತಾರೆ. ಹಾಗೆ 22 ವರ್ಷ ಬಿಡದೆ ಆಡಿದರೂ ಇನ್ನೂ 895 ಗಜ ಬಾಕಿ ಉಳಿಯುತ್ತದೆ. 2012ರ ಒಂದೇ ಋತುವಿನಲ್ಲಿ 1,964 ಗಜ ಗಳಿಸಿದ ಡೆಟ್ರಾಯ್ಟ್‌ನ ಕ್ಯಾಲ್ವಿನ್ ಜಾನ್ಸನ್ ಪ್ರತಿಭೆಯಲ್ಲಿ ರೈಸ್‌ಗೆ ಕಡಿಮೆಯೇನಲ್ಲ. ಆದರೆ ಅವರ ದೇಹ ಒಂಬತ್ತು ಋತುಗಳಿಗೇ ದಣಿಯಿತು, ಮೂವತ್ತಕ್ಕೇ ಆಟ ಬಿಟ್ಟರು. ಒಟ್ಟು ಗಜಗಳ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿರುವ ಅರಿಜೋನಾದ ಲ್ಯಾರಿ ಫಿಟ್ಜ್‌ಜೆರಾಲ್ಡ್ 17 ಋತು ಆಡಿ ನಿಲ್ಲಿಸಿದ್ದು 17,492 ಗಜಕ್ಕೆ. ಅಷ್ಟಾದರೂ ರೈಸ್‌ಗಿಂತ 5,403 ಗಜ ಹಿಂದೆ.