ನಿಮಗಿದು ಗೊತ್ತೇ? ಪಿಕಪ್ ಟ್ರಕ್ಕಿನ ಹಿಂಬದಿ ಎತ್ತುವ ಅಗ್ಗದ ದಾರಿಗಳು

ಖಾಲಿ ನಿಂತಿರುವ ಅಮೆರಿಕದ ಪಿಕಪ್ ಟ್ರಕ್ಕನ್ನು ಪಕ್ಕದಿಂದ ನೋಡಿ. ಹಿಂಬದಿ ಒಂಚೂರು ಎತ್ತರದಲ್ಲಿರುತ್ತದೆ! ಕಂಪನಿಯವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಲೋಡ್ ಬಿದ್ದಾಗ ಕುಗ್ಗಿ ಸಮಕ್ಕೆ ಬರಲಿ ಅಂತ. ಶೋಕಿಗೆಂದು ಮುಂಭಾಗವನ್ನಷ್ಟೇ ಎತ್ತಿಸಿದಿರೋ, ಲೋಡ್ ಹಾಕಿದ ದಿನ ಗಾಡಿಯ ಮೂತಿ ಆಕಾಶ ನೋಡುತ್ತದೆ!

ಹಿಂಬದಿ ಕುಸಿಯಿತೆಂದು ಹೊಸ ಶಾಕ್ ಅಬ್ಸಾರ್ಬರ್ ಕೊಳ್ಳಲು ಹೊರಟಿರಾ? ತಡೀರಿ. ಮಾಮೂಲಿ ಶಾಕ್ ಗಾಡಿಯ ಭಾರ ಹೊರುವುದೇ ಇಲ್ಲ! ಹೊರುವುದೆಲ್ಲ ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದಷ್ಟೇ ಶಾಕ್‌ನ ಕೆಲಸ. ಆ ಕುಣಿತವೆಲ್ಲ ಒಳಗಿನ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. ಹಳ್ಳಕೊಳ್ಳದ ದಾರಿಯಲ್ಲಿ ಓಡಿಸಿದ ಮೇಲೆ ಮುಟ್ಟಲು ಹೋಗಬೇಡಿ, ಕೈ ಸುಟ್ಟೀತು!

ಪಟ್ಟಿಗಳನ್ನು ಅಂಡಾಕಾರಕ್ಕೆ ಜೋಡಿಸಿದ ಎಲಿಪ್ಟಿಕ್ ಸ್ಪ್ರಿಂಗ್‌ಗೆ ಇಂಗ್ಲೆಂಡಿನ ಒಬದಾಯ ಎಲಿಯಟ್ ಪೇಟೆಂಟ್ ಪಡೆದದ್ದು 1804ರಲ್ಲಿ. ಯಾವ ಗಾಡಿಗೆ? ಕುದುರೆ ಗಾಡಿಗೆ! ಇನ್ನೂರು ವರ್ಷ ದಾಟಿದರೂ ಹೆಚ್ಚಿನ ಪಿಕಪ್‌ಗಳ ಹಿಂದೆ ಇಂದಿಗೂ ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗೇ ಇದೆ. ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್‌ನ ಹಿಂದೆ ಬಗ್ಗಿ ನೋಡಿ, ಅಲ್ಲೂ ಅದೇ!

ನೋಡಿದರೆ ಸಾಕು, ಎತ್ತಲು ಹೋಗಬೇಡಿ. ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮುಂದಿನದೆಲ್ಲ ಅಮೆರಿಕದವರ ಸಾಹಸ!

ಲೀಫ್ ಸ್ಪ್ರಿಂಗ್‌ನ ಹಿಂತುದಿಯನ್ನು ಚಾಸಿಗೆ ಕೂಡಿಸುವ ಪುಟ್ಟ ಕೊಂಡಿಯೇ ಶ್ಯಾಕಲ್. ಮೊದಲಿಗಿಂತ ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಎಷ್ಟು ಏರುತ್ತದೆ? ಎರಡಿಂಚು ಅಂದಿರಾ? ತಪ್ಪು! ಹೆಚ್ಚುಕಡಿಮೆ ಒಂದೇ ಇಂಚು. ಒಂದು ತುದಿ ಮಾತ್ರ ಸರಿಯುತ್ತದೆ, ಆಕ್ಸಲ್ ಕೂತಿರುವುದು ನಡುವೆ. ಅರ್ಧ ಲಾಭ ಅಲ್ಲೇ ಸೋರಿಹೋಯಿತು!

ಹೊಸ ಸ್ಪ್ರಿಂಗ್ ಇಲ್ಲದೆಯೇ ನಾಲ್ಕು ಇಂಚು ಎತ್ತರ ಬೇಕೆ? 1973ರಿಂದ 87ರವರೆಗಿನ ಷೆವ್ರೊಲೆ ಫೋರ್‌ವೀಲ್ ಡ್ರೈವ್ ಪಿಕಪ್ ಸಿಕ್ಕರೆ ಸಾಕು. ಅದರ ಶ್ಯಾಕಲ್ ಕೂತ ದಿಕ್ಕನ್ನೇ ತಿರುಗಿಸಿಬಿಡುತ್ತಾರೆ. ತಲೆಕೆಳಗು ಮಾಡಿದ್ದಕ್ಕೇ ನಾಲ್ಕಿಂಚು!

ಇನ್ನು ಎಲ್ಲಕ್ಕಿಂತ ಅಗ್ಗದ ದಾರಿ: ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಒಂದು ಲೋಹದ ದಿಮ್ಮಿ. ಇದೇ ಬ್ಲಾಕ್. ಕಳಪೆ ಜುಗಾಡ್ ಅಂದುಕೊಂಡಿರಾ? ಫೋರ್ಡ್‌ನ ದೈತ್ಯ ಸೂಪರ್ ಡ್ಯೂಟಿ ಟ್ರಕ್‌ಗಳು ಫ್ಯಾಕ್ಟರಿಯಿಂದಲೇ ಹಿಂದೆ ಬ್ಲಾಕ್ ಹೊತ್ತು ಬರುತ್ತವೆ! ಆದರೆ ಬ್ಲಾಕ್ ಮೇಲೆ ಬ್ಲಾಕ್ ಪೇರಿಸುವುದು ಪ್ರಾಣಕ್ಕೆ ಕುತ್ತು. ಮುಂದಿನ ಆಕ್ಸಲ್ಲಿಗಂತೂ ಕನಸಲ್ಲೂ ಬೇಡ!

ಎತ್ತರದ ಬ್ಲಾಕ್ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಏನಾಗುತ್ತದೆ ಗೊತ್ತೇ? ಚಕ್ರ ಮುಂದಕ್ಕೆ ತಿರುಗುವಾಗ ಆಕ್ಸಲ್ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಗಟ್ಟಿ ಉಕ್ಕಿನ ಪಟ್ಟಿಗಳು ಹಾವಿನಂತೆ ಡೊಂಕಾಗುತ್ತವೆ! ಮರುಕ್ಷಣ ಪಟ್ಟನೆ ನೆಟ್ಟಗಾಗುತ್ತವೆ. ಮತ್ತೆ ಡೊಂಕು, ಮತ್ತೆ ನೆಟ್ಟಗೆ. ಚಕ್ರಗಳು ನೆಲದ ಮೇಲೆ ಕುಪ್ಪಳಿಸತೊಡಗುತ್ತವೆ! ಬ್ಲಾಕ್ ಎತ್ತರವಾದಷ್ಟೂ ಈ ಆಟ ಜೋರು. ಉಳಿಸಿದ ದುಡ್ಡನ್ನು ಕೆಲವರು ಇದನ್ನು ತಡೆಯುವ ಟ್ರ್ಯಾಕ್ಷನ್ ಬಾರ್‌ಗೆ ಸುರಿಯುತ್ತಾರೆ.

ಸ್ಪ್ರಿಂಗನ್ನೂ ಆಕ್ಸಲ್ಲನ್ನೂ ಬಿಗಿದು ಹಿಡಿಯುವ ಯು-ಬೋಲ್ಟ್‌ಗೆ ಒಂದೇ ಜನ್ಮ! ಬಿಗಿದಾಗ ಅದು ಹಿಗ್ಗುತ್ತದೆ, ಬಿಚ್ಚಿದರೆ ಹೊಸದೇ ಬೇಕು. ಜೇಬು ನೋಡಿಕೊಂಡು ಕೆಲಸ ಮಾಡುವವರೂ ಇಲ್ಲಿ ಜಿಪುಣತನ ಮಾಡಬಾರದು.

ಈಗ ನನಗೆ ತೀರಾ ಇಷ್ಟವಾದದ್ದು. ಹಳೆಯ ಟೊಯೋಟಾ ಪಿಕಪ್‌ಗಳ ಹಿಂದಿನ ಆಕ್ಸಲ್ಲಿನಿಂದ ಒಂದು ಸಣ್ಣ ಸರಳು ಮೇಲಿನ ಬ್ರೇಕ್ ವಾಲ್ವ್‌ಗೆ ಹೋಗುತ್ತದೆ. ಹಿಂಬದಿ ತಗ್ಗಿದರೆ ‘ಲೋಡ್ ಇದೆ’ ಎಂದು ತಿಳಿದು ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಏರಿದರೆ ‘ಖಾಲಿ’ ಎಂದು ಕಡಿಮೆ ಮಾಡುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಒಂದು ಸರಳು! ನೀವು ಗಾಡಿ ಎತ್ತಿಸಿದಿರಿ ಅನ್ನಿ. ಪಾಪ, ವಾಲ್ವ್‌ಗೇನು ಗೊತ್ತು? ಟ್ರಕ್ ಸದಾ ಖಾಲಿ ಎಂದೇ ನಂಬಿ ಕೂರುತ್ತದೆ. ಬೆನ್ನ ಮೇಲೆ ಜಲ್ಲಿ ತುಂಬಿದ್ದರೂ ಹಿಂದಿನ ಬ್ರೇಕ್ ಮಂದ! ಮದ್ದು ಮಾತ್ರ ಬಲು ಸುಲಭ. ಸರಳಿನ ಬುಡವನ್ನೂ ಅಷ್ಟೇ ಎತ್ತರಿಸುವ ಚಿಕ್ಕ ಬ್ರಾಕೆಟ್.

ಏರ್‌ಬ್ಯಾಗ್ ಅಂದರೆ ಸ್ಟೀರಿಂಗ್‌ನಿಂದ ಹಾರಿಬರುವುದಷ್ಟೇ ಅಲ್ಲ. ಸ್ಪ್ರಿಂಗ್ ಪಕ್ಕದಲ್ಲಿ ಕೂರಿಸಿ ಗಾಳಿ ತುಂಬುವ ರಬ್ಬರ್ ಚೀಲವೂ ಉಂಟು! ಕುಸಿದ ಹಿಂಬದಿ ಹೂವಿನಂತೆ ಮೇಲೇಳುತ್ತದೆ. ಆದರೆ ಟ್ರಕ್ ಹೊರಬಹುದಾದ ತೂಕದ ಮಿತಿ? ಒಂದು ಕಿಲೋ ಕೂಡ ಏರುವುದಿಲ್ಲ! ಆಕ್ಸಲ್, ಚಕ್ರ, ಬ್ರೇಕ್ ಎಲ್ಲ ಹಳೆಯವೇ ತಾನೆ?

ಹಾದಿ ಬಿಟ್ಟು ಒಂದು ಮಾತು. 1960ರ ದಶಕದ ಹಲವು ಷೆವ್ರೊಲೆ ಪಿಕಪ್‌ಗಳಿಗೆ ಹಿಂದೆ ಲೀಫ್ ಬದಲು ಕಾಯಿಲ್ ಸ್ಪ್ರಿಂಗೂ ಉದ್ದನೆಯ ತೋಳುಗಳೂ ಇದ್ದವು. ಅದೇ ಮಾದರಿಯ ತೋಳುಗಳು ನಾಸ್ಕಾರ್ ರೇಸ್ ಕಾರುಗಳಿಗೆ ಹೋದವು. ಅಗ್ರ ಸರಣಿಯಲ್ಲಿ 2021ರವರೆಗೂ ಓಡಿದವು! ಹುಲ್ಲು, ಗೊಬ್ಬರ ಹೊತ್ತ ಗಾಡಿಯ ತಂತ್ರ ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ!

ಹಿಂಬದಿ ಎತ್ತಲು ಇಷ್ಟೆಲ್ಲ ಪರದಾಟ. ಅತ್ತ ಅದನ್ನು ಬೇಕೆಂದೇ ತಗ್ಗಿಸಿ, ಮುಂಭಾಗ ಎತ್ತಿ ಮೆರೆಯುವವರೂ ಇದ್ದಾರೆ! ಇದಕ್ಕೆ ‘ಕೆರೊಲೈನಾ ಸ್ಕ್ವಾಟ್’ ಎಂದು ಹೆಸರು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಕುಕ್ಕುತ್ತದೆ, ಓಡಿಸುವವನಿಗೆ ಮುಂದಿನ ರಸ್ತೆಯೇ ಕಾಣುವುದಿಲ್ಲ. ನಾರ್ತ್ ಕೆರೊಲೈನಾ ರಾಜ್ಯ 2021ರ ಡಿಸೆಂಬರ್‌ನಲ್ಲಿ ಇದನ್ನು ನಿಷೇಧಿಸಿತು. ಮುಂದಿನ ಫೆಂಡರ್ ಹಿಂದಿನದಕ್ಕಿಂತ ನಾಲ್ಕು ಇಂಚು ಮೇಲಿದ್ದರೆ ಕೇಸ್. ವರ್ಷದೊಳಗೆ ಮೂರು ಸಲ ತಪ್ಪಿತಸ್ಥರಾದರೆ ಲೈಸೆನ್ಸೇ ರದ್ದು!